ಕೀಲಿಮಣೆ ಕೊಟ್ಟ ಮುದ್ರಕ: ಕ್ರಿಸ್ಟೋಫರ್ ಲೇಥಮ್ ಶೋಲ್ಸ್

(ಲೇಖಕರು: ನಮ್ಮ ಶಾಲೆಯ 2004–05ನೇ ಸಾಲಿನ ಎಸ್.ಎಸ್.ಎಲ್.ಸಿ. ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು)

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ಸಾಧಕರ ಜೀವನ ಪರಿಚಯ ಬರೆದುಕೊಡಬೇಕೆಂದು ಗುರುಗಳು ಕೇಳಿದರು. ಸಾಧಕರೆಂದರೆ ಸಾಮಾನ್ಯವಾಗಿ ಶರಣರು, ಸ್ವಾತಂತ್ರ್ಯ ಹೋರಾಟಗಾರರು, ಕವಿಗಳು, ವಿಜ್ಞಾನಿಗಳು ನೆನಪಿಗೆ ಬರುತ್ತಾರೆ. ಅವರ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವ ಹಿರಿಯರು ಈ ಸಂಚಿಕೆಯಲ್ಲಿ ಇದ್ದಾರೆ. ನಾನು ದಿನಕ್ಕೆ ಎಂಟು ಹತ್ತು ತಾಸು ಮುಟ್ಟುವ ಒಂದು ವಸ್ತುವನ್ನು ಮಾಡಿಕೊಟ್ಟ ಮನುಷ್ಯನ ಕಥೆ ಹೇಳುತ್ತೇನೆ. ಆ ವಸ್ತು ಕಂಪ್ಯೂಟರಿನ ಕೀಬೋರ್ಡ್, ಅಂದರೆ ಕೀಲಿಮಣೆ. ಆ ಮನುಷ್ಯ ಅಮೆರಿಕದ ಕ್ರಿಸ್ಟೋಫರ್ ಲೇಥಮ್ ಶೋಲ್ಸ್. ಅವರು ತೀರಿಕೊಂಡು 130 ವರ್ಷಗಳ ಮೇಲಾಯಿತು. ಆದರೂ ಅವರ ಕೆಲಸ ನಮ್ಮ ತಹಸೀಲ ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ಝೆರಾಕ್ಸ್ ಅಂಗಡಿಯಲ್ಲಿ, ನಮ್ಮ ಜೇಬಿನ ಮೊಬೈಲಿನಲ್ಲಿ ಇದೆ.

ಈ ವಿಷಯ ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಿಂದ ಕಲಬುರಗಿಗೆ ಓದಲು ಹೋದ ನನ್ನಂಥ ಬಹಳ ಮಂದಿ ಕೀಬೋರ್ಡನ್ನು ಮೊದಲ ಸಲ ಮುಟ್ಟಿದ್ದು ಕಾಲೇಜಿನ ಲ್ಯಾಬಿನಲ್ಲಿ. ಎ ಒಂದು ಮೂಲೆಯಲ್ಲಿ, ಬಿ ಇನ್ನೆಲ್ಲೋ, ಸಿ ಮತ್ತೆಲ್ಲೋ. ಪಟ್ಟಣದ ಹುಡುಗರ ಬೆರಳು ಓಡುತ್ತಿದ್ದವು, ನಮ್ಮ ಬೆರಳು ಅಕ್ಷರ ಹುಡುಕುತ್ತಿದ್ದವು. ಇದು ಇಂಗ್ಲಿಷ್ ಬಲ್ಲವರ ಯಂತ್ರ, ನಮ್ಮದಲ್ಲ ಎಂಬ ಅಳುಕು ಆಗಲೇ ಮನಸ್ಸಿನೊಳಗೆ ಸೇರಿಬಿಡುತ್ತಿತ್ತು. ಆ ಅಳುಕಿನಿಂದ ಕಂಪ್ಯೂಟರ್ ವಿಷಯವನ್ನೇ ಬಿಟ್ಟವರನ್ನು ನಾನು ಬಲ್ಲೆ. ಶೋಲ್ಸರ ಕಥೆ ತಿಳಿದರೆ ಆ ಅಳುಕಿಗೆ ಆಧಾರವೇ ಇಲ್ಲವೆಂದು ಗೊತ್ತಾಗುತ್ತದೆ.

ಮುದ್ರಣಾಲಯದ ಹುಡುಗ

ಶೋಲ್ಸ್ ಹುಟ್ಟಿದ್ದು 1819ರ ಫೆಬ್ರುವರಿ 14ರಂದು, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಮೂರ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ. ಅವರು ಕಾಲೇಜು ಮೆಟ್ಟಿಲು ಹತ್ತಿದವರಲ್ಲ, ಎಂಜಿನಿಯರಿಂಗ್ ಓದಿದವರಲ್ಲ. ಹದಿಹರೆಯದಲ್ಲಿ ಹತ್ತಿರದ ಡ್ಯಾನ್‌ವಿಲ್ ಎಂಬ ಊರಿನ ಮುದ್ರಣಾಲಯದಲ್ಲಿ ಕೆಲಸ ಕಲಿಯಲು ಸೇರಿದರು. ಆ ಕಾಲದ ಮುದ್ರಣವೆಂದರೆ ಸೀಸದ ಅಚ್ಚಿನ ಮೊಳೆಗಳನ್ನು ಒಂದೊಂದಾಗಿ ಆರಿಸಿ ಸಾಲಿಗೆ ಜೋಡಿಸುವುದು. ನಮ್ಮ ಕಡೆಯೂ ಮದುವೆ ಪತ್ರಿಕೆ, ಜಾತ್ರೆಯ ಹಸ್ತಪತ್ರಿಕೆ ಅಚ್ಚು ಹಾಕುತ್ತಿದ್ದ ಹಳೆಯ ಪ್ರೆಸ್ಸುಗಳಲ್ಲಿ ಇದೇ ಪದ್ಧತಿ ಇತ್ತು. ಮೊಳೆ ಜೋಡಿಸುವವನಿಗೆ ಯಾವ ಅಕ್ಷರ ಹೆಚ್ಚು ಬೇಕು, ಯಾವುದು ಅಪರೂಪ, ಯಾವುದರ ಪಕ್ಕ ಯಾವುದು ಬರುತ್ತದೆ ಎಂಬುದು ಕೈಗೇ ಗೊತ್ತಿರುತ್ತದೆ. ಕೀಬೋರ್ಡಿನ ವಿದ್ಯೆಯನ್ನು ಶೋಲ್ಸ್ ಕಲಿತದ್ದು ಆ ಮೊಳೆಗಳ ಪೆಟ್ಟಿಗೆಯ ಮುಂದೆ ನಿಂತು.

1837ರಲ್ಲಿ ಅವರು ಪಶ್ಚಿಮದ ವಿಸ್ಕಾನ್ಸಿನ್ ಪ್ರಾಂತ್ಯಕ್ಕೆ ಹೋದರು. ಆಗ ಅದು ಹೊಸದಾಗಿ ಜನ ನೆಲೆಸುತ್ತಿದ್ದ ಪ್ರದೇಶ, ರಾಜ್ಯವಾಗಿ ಇನ್ನೂ ರಚನೆಯಾಗಿರಲಿಲ್ಲ. ಅಲ್ಲಿ ಪತ್ರಿಕೆ ನಡೆಸಿದರು. 1841ರಲ್ಲಿ ಮೇರಿ ಜೇನ್ ಮೆಕಿನ್ನಿ ಅವರನ್ನು ಮದುವೆಯಾದರು. ಹತ್ತು ಮಕ್ಕಳ ದೊಡ್ಡ ಸಂಸಾರ ಅವರದು. ಕೆನೋಶಾ ಎಂಬ ಊರಿನಲ್ಲಿ ಅವರ ಪತ್ರಿಕೆ ಹೆಸರು ಮಾಡಿತು.

ಗಲ್ಲು ನಿಲ್ಲಿಸಲು ಹೋರಾಡಿದ ಶಾಸಕ

ಶೋಲ್ಸ್ ಎಂದರೆ ಟೈಪ್‌ರೈಟರ್ ಎಂದಷ್ಟೇ ಪುಸ್ತಕಗಳು ಹೇಳುತ್ತವೆ. ಅವರ ಬದುಕಿನಲ್ಲಿ ಅದಕ್ಕೂ ಮೊದಲು ಇನ್ನೊಂದು ದೊಡ್ಡ ಕೆಲಸವಿದೆ. 1848ರಲ್ಲಿ ವಿಸ್ಕಾನ್ಸಿನ್ ರಾಜ್ಯವಾದಾಗ ಶೋಲ್ಸ್ ಅಲ್ಲಿನ ಮೇಲ್ಮನೆಗೆ ಆಯ್ಕೆಯಾದರು. 1851ರಲ್ಲಿ ಕೆನೋಶಾದಲ್ಲಿ ಹೆಂಡತಿಯನ್ನು ಕೊಂದ ಒಬ್ಬ ಅಪರಾಧಿಯನ್ನು ಸಾವಿರಾರು ಜನರ ಎದುರಿನಲ್ಲಿ ಗಲ್ಲಿಗೇರಿಸಲಾಯಿತು. ಅವನ ಪ್ರಾಣ ಹೋಗಲು ಹದಿನೈದು ನಿಮಿಷಕ್ಕೂ ಹೆಚ್ಚು ಹಿಡಿಯಿತು. ಜನ ಅದನ್ನು ಜಾತ್ರೆ ನೋಡಿದಂತೆ ನಿಂತು ನೋಡಿದ್ದರು. ಶೋಲ್ಸರ ಪತ್ರಿಕೆ ಇದನ್ನು ಕಟುವಾಗಿ ಖಂಡಿಸಿತು. ಮುಂದೆ ಅವರು ಕೆಳಮನೆಯ ಸದಸ್ಯರಾಗಿ ಮರಣದಂಡನೆ ರದ್ದು ಮಾಡುವ ಮಸೂದೆಯ ಪರವಾಗಿ ಮುಂದಾಳುತನ ವಹಿಸಿದರು. 1853ರಲ್ಲಿ ವಿಸ್ಕಾನ್ಸಿನ್ ಮರಣದಂಡನೆಯನ್ನು ತೆಗೆದುಹಾಕಿತು. ಇಂದಿಗೂ ಅಲ್ಲಿ ಆ ಶಿಕ್ಷೆ ಇಲ್ಲ. ಗುಲಾಮಗಿರಿಯನ್ನೂ ಅವರು ವಿರೋಧಿಸಿದ್ದರು. ಮುಂದೆ ಅಬ್ರಹಾಂ ಲಿಂಕನ್ ಅಧ್ಯಕ್ಷರಾಗಿದ್ದಾಗ ಮಿಲ್ವಾಕಿ ನಗರದ ಬಂದರಿನ ಸುಂಕಾಧಿಕಾರಿಯ ಹುದ್ದೆ ಅವರಿಗೆ ಸಿಕ್ಕಿತು.

ಯಂತ್ರ ನೇಗಿಲಿನವನ ಒಂದು ಮಾತು

ಮಿಲ್ವಾಕಿಯಲ್ಲಿ ಕ್ಲೈನ್‌ಸ್ಟ್ಯೂಬರ್ ಎಂಬವರ ಒಂದು ಯಂತ್ರದ ಕಾರ್ಖಾನೆ ಇತ್ತು. ಊರಿನ ಹವ್ಯಾಸಿ ಸಂಶೋಧಕರೆಲ್ಲ ಅಲ್ಲಿ ಸೇರುತ್ತಿದ್ದರು. ನಮ್ಮ ಊರಲ್ಲಿ ಕಮ್ಮಾರಸಾಲೆಯ ಮುಂದೆ ನಾಲ್ಕು ಜನ ಕೂತು ಕೂರಿಗೆ, ನೇಗಿಲಿನ ವಿಷಯ ಮಾತಾಡುವಂತೆ. ಅದಕ್ಕೂ ಮುಂಚೆ ಶೋಲ್ಸರ ಮುದ್ರಣಾಲಯದಲ್ಲಿ ಮೊಳೆ ಜೋಡಿಸುವವರು ಮುಷ್ಕರ ಹೂಡಿದಾಗ, ಮೊಳೆ ಜೋಡಿಸುವ ಯಂತ್ರವನ್ನೇ ಮಾಡಲು ಅವರು ಪ್ರಯತ್ನಿಸಿದ್ದರು. ಅದು ಕೈಗೂಡಲಿಲ್ಲ. ಆಮೇಲೆ ಸ್ಯಾಮ್ಯುಯೆಲ್ ಸೋಲ್ ಎಂಬ ಗೆಳೆಯನ ಜೊತೆ ಸೇರಿ, ಪುಟಗಳಿಗೂ ಟಿಕೆಟುಗಳಿಗೂ ಒಂದಾದ ಮೇಲೊಂದು ಸಂಖ್ಯೆ ಒತ್ತುವ ಸಣ್ಣ ಯಂತ್ರ ಮಾಡಿದರು. 1866ರ ನವೆಂಬರಿನಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು.

ಅದೇ ಕಾರ್ಖಾನೆಯಲ್ಲಿ ಕಾರ್ಲೋಸ್ ಗ್ಲಿಡನ್ ಎಂಬ ವಕೀಲರು ಒಂದು ಯಂತ್ರ ನೇಗಿಲು ಮಾಡುತ್ತಿದ್ದರು. ಅವರು ಶೋಲ್ಸರ ಯಂತ್ರವನ್ನು ನೋಡಿ, ಸಂಖ್ಯೆ ಒತ್ತುವ ಯಂತ್ರ ಅಕ್ಷರವನ್ನೂ ಏಕೆ ಒತ್ತಬಾರದು ಎಂದು ಕೇಳಿದರು. 1867ರಲ್ಲಿ ಒಂದು ವಿಜ್ಞಾನ ಪತ್ರಿಕೆಯಲ್ಲಿ ಬರೆಯುವ ಯಂತ್ರದ ಬಗ್ಗೆ ಲೇಖನವೂ ಬಂತು. ಅಷ್ಟು ಸಾಕಾಯಿತು. ಶೋಲ್ಸ್, ಸೋಲ್, ಗ್ಲಿಡನ್ ಮೂವರೂ ಸೇರಿ ಕೆಲಸಕ್ಕೆ ಕುಳಿತರು. ಬೇಸಾಯದ ಯಂತ್ರ ಮಾಡಲು ಬಂದವನ ಒಂದು ಪ್ರಶ್ನೆಯಿಂದ ಕೀಬೋರ್ಡು ಹುಟ್ಟಿತೆಂಬುದು ರೈತರ ಮಕ್ಕಳಾದ ನಮಗೆ ಸಂತೋಷದ ಸಂಗತಿ.

ಮೊದಲ ಪ್ರಯೋಗದಲ್ಲಿ ಇದ್ದದ್ದು ಒಂದೇ ಅಕ್ಷರ, ಡಬ್ಲ್ಯು. ತಂತಿ ಕಳಿಸುವ ಟೆಲಿಗ್ರಾಫ್ ಕೀಲಿಗೆ ಆ ಅಕ್ಷರದ ಅಚ್ಚು ಕಟ್ಟಿದರು. ಕೀಲಿ ಒತ್ತಿದರೆ ಅಚ್ಚು ಮೇಲೆದ್ದು ಕಾರ್ಬನ್ ಕಾಗದಕ್ಕೆ ಬಡಿಯುತ್ತಿತ್ತು, ಬಿಳಿ ಕಾಗದದ ಮೇಲೆ ಅಕ್ಷರ ಮೂಡುತ್ತಿತ್ತು. ಒಂದು ಅಕ್ಷರ ಮೂಡಿತೆಂದ ಮೇಲೆ ಉಳಿದವು ಏಕೆ ಮೂಡುವುದಿಲ್ಲ?

ಹಾರ್ಮೋನಿಯಂನಂಥ ಕೀಬೋರ್ಡ್

1868ರ ಜೂನ್ 23ರಂದು ಮೂವರಿಗೂ ಸೇರಿ ಪೇಟೆಂಟ್ ದೊರೆಯಿತು. ಆ ಮೊದಲ ಯಂತ್ರದ ಕೀಬೋರ್ಡು ಪಿಯಾನೋದಂತೆ ಇತ್ತು. ನಮ್ಮ ಭಜನಾ ಮಂಡಳಿಯ ಹಾರ್ಮೋನಿಯಂ ಮನೆಗಳನ್ನು ಕಣ್ಣ ಮುಂದೆ ತಂದುಕೊಳ್ಳಿ, ಹೆಚ್ಚುಕಡಿಮೆ ಹಾಗೆಯೇ. ಅಕ್ಷರಗಳು ಎರಡು ಸಾಲಿನಲ್ಲಿ, ನಾವು ಒಂದನೇ ತರಗತಿಯಲ್ಲಿ ಕಲಿತ ಕ್ರಮದಲ್ಲೇ ಇದ್ದವು. ಎ ಯಿಂದ ಎಂ ವರೆಗೆ ಒಂದು ಸಾಲು, ಎನ್ ನಿಂದ ಝೆಡ್ ವರೆಗೆ ಇನ್ನೊಂದು. ಸೊನ್ನೆ ಮತ್ತು ಒಂದು ಎಂಬ ಅಂಕಿಗಳಿಗೆ ಬೇರೆ ಕೀಲಿಯೇ ಇರಲಿಲ್ಲ. ಓ ಅಕ್ಷರವೇ ಸೊನ್ನೆ, ಐ ಅಕ್ಷರವೇ ಒಂದು. ಇದ್ದುದರಲ್ಲೇ ಹೊಂದಿಸಿಕೊಳ್ಳುವ ಬುದ್ಧಿ.

ಅಂದರೆ ಕೀಬೋರ್ಡಿನ ಅಕ್ಷರಗಳು ಮೊದಲು ಸರಿಯಾದ ಕ್ರಮದಲ್ಲೇ ಇದ್ದವು. ಅವನ್ನು ಕಲಸಿದ್ದು ಕೆಲಸದ ಅನುಭವ.

ಯಂತ್ರದ ಒಳಗೆ ಪ್ರತಿ ಅಕ್ಷರಕ್ಕೂ ಒಂದು ಉದ್ದನೆಯ ಕಡ್ಡಿ. ಅದರ ತುದಿಯಲ್ಲಿ ಅಚ್ಚು. ಈ ಕಡ್ಡಿಗಳು ಒಂದು ವೃತ್ತದಲ್ಲಿ ಕೆಳಕ್ಕೆ ಇಳಿಬಿದ್ದಿರುತ್ತಿದ್ದವು. ಕೀಲಿ ಒತ್ತಿದಾಗ ಅದರ ಕಡ್ಡಿ ಎದ್ದು ಕಾಗದದ ಕೆಳಭಾಗಕ್ಕೆ ಬಡಿದು ಮತ್ತೆ ಕೆಳಗೆ ಬೀಳಬೇಕು. ಅದು ಬೀಳುವ ಮೊದಲೇ ಪಕ್ಕದ ಕಡ್ಡಿ ಎದ್ದರೆ ಎರಡೂ ಸಿಕ್ಕಿಹಾಕಿಕೊಳ್ಳುತ್ತಿದ್ದವು. ಅಚ್ಚು ಕಾಗದದ ಅಡಿಯಲ್ಲಿ ಬೀಳುತ್ತಿದ್ದುದರಿಂದ ಟೈಪ್ ಮಾಡುವವರಿಗೆ ತಾನು ಬರೆದದ್ದು ಆಗಲೇ ಕಾಣುತ್ತಿರಲಿಲ್ಲ. ಕೆಲವು ಸಾಲು ಮುಂದೆ ಹೋಗಿ ನೋಡಿದಾಗಲೇ ತಪ್ಪು ಗೊತ್ತಾಗುವುದು.

ಮುರಿದುಕೊಟ್ಟವರಿಂದ ಕಲಿತದ್ದು

ಇಲ್ಲಿಂದ ಮುಂದಿನ ಐದು ವರ್ಷಗಳು ಶೋಲ್ಸರ ಜೀವನದ ಮುಖ್ಯ ಭಾಗ. ಸಾಫ್ಟ್‌ವೇರ್ ಕೆಲಸ ಮಾಡುವ ನನಗೆ ಇದೇ ಬಹಳ ಇಷ್ಟವಾದ ಭಾಗ. ಜೇಮ್ಸ್ ಡೆನ್ಸ್‌ಮೋರ್ ಎಂಬ ಉದ್ಯಮಿಗೆ ಶೋಲ್ಸ್ ಆ ಯಂತ್ರದಲ್ಲೇ ಬರೆದ ಪತ್ರ ಕಳಿಸಿದರು. ಡೆನ್ಸ್‌ಮೋರ್ ಯಂತ್ರವನ್ನು ನೋಡುವ ಮೊದಲೇ, ಅಲ್ಲಿಯವರೆಗಿನ ಖರ್ಚು 600 ಡಾಲರ್ ಕೊಟ್ಟು ಕಾಲು ಪಾಲು ಕೊಂಡುಕೊಂಡರು. ಬಂದು ನೋಡಿದ ಮೇಲೆ, ಇದು ಇನ್ನೂ ಯಾವ ಕೆಲಸಕ್ಕೂ ಬಾರದು ಎಂದರು. ಆದರೆ ಹಣ ಹಿಂದಕ್ಕೆ ಕೇಳಲಿಲ್ಲ. ಸುಧಾರಿಸಿ ಎಂದು ಬೆನ್ನು ಹತ್ತಿದರು. ಸೋಲ್ ಮತ್ತು ಗ್ಲಿಡನ್ ಒಬ್ಬೊಬ್ಬರಾಗಿ ಹಿಂದೆ ಸರಿದರು, ಶೋಲ್ಸ್ ಉಳಿದರು.

ಯಂತ್ರವನ್ನು ಪರೀಕ್ಷಿಸಲು ಡೆನ್ಸ್‌ಮೋರ್ ಕಳಿಸಿದ್ದು ದಿನವೂ ಬರೆದು ಹೊಟ್ಟೆ ಹೊರೆಯುವವರ ಬಳಿಗೆ, ಅಂದರೆ ತಂತಿ ಕಚೇರಿಯ ನೌಕರರು ಮತ್ತು ಶೀಘ್ರಲಿಪಿಕಾರರ ಬಳಿಗೆ. ಅವರಲ್ಲಿ ವಾಷಿಂಗ್ಟನ್ನಿನ ಜೇಮ್ಸ್ ಕ್ಲೆಫೇನ್ ಎಂಬ ಶೀಘ್ರಲಿಪಿಕಾರರು ಒಂದಾದ ಮೇಲೊಂದು ಯಂತ್ರವನ್ನು ಬಳಸಿ ಬಳಸಿ ಮುರಿದು, ಎಲ್ಲೆಲ್ಲಿ ದೋಷವೆಂದು ಖಾರವಾಗಿ ಬರೆದು ಕಳಿಸುತ್ತಿದ್ದರು. ಶೋಲ್ಸರಿಗೆ ಸಿಟ್ಟು ಬಂತು, ಬೇಸರವೂ ಆಯಿತು. ಆದರೆ ಮುರಿದುಬೀಳುವುದು ಈಗಲೇ ಬೀಳಲಿ, ಮಾರಾಟವಾದ ಮೇಲೆ ಬೀಳುವುದು ಬೇಡ ಎಂಬುದು ಡೆನ್ಸ್‌ಮೋರರ ನಿಲುವು. ಶೋಲ್ಸ್ ಸಿಟ್ಟು ನುಂಗಿಕೊಂಡು ಮತ್ತೆ ಮತ್ತೆ ಹೊಸದಾಗಿ ಮಾಡಿದರು. ಹೀಗೆ ಹತ್ತಾರು ಮಾದರಿಗಳಾದವು. ಇಂದು ನಮ್ಮ ಕಂಪನಿಗಳಲ್ಲಿ ಟೆಸ್ಟಿಂಗ್ ಎಂದು ಕರೆಯುವ ಕೆಲಸ ಇದೇ.

ಅಕ್ಷರಗಳು ಚದುರಿದ್ದು ಹೇಗೆ?

ಈ ಅವಧಿಯಲ್ಲಿ ಅಕ್ಷರಗಳು ಒಂದೊಂದಾಗಿ ಜಾಗ ಬದಲಿಸಿದವು. ಹಾರ್ಮೋನಿಯಂ ಮನೆಗಳು ಹೋಗಿ ಗುಂಡಿಯಂಥ ಕೀಲಿಗಳು ಬಂದವು, ಎರಡು ಸಾಲು ನಾಲ್ಕಾಯಿತು. 1872ರ ಹೊತ್ತಿಗೆ ಮೇಲಿನ ಅಕ್ಷರ ಸಾಲು ಇಂದಿನದಕ್ಕೆ ಬಹಳ ಹತ್ತಿರ ಬಂದಿತ್ತು. ಆರ್ ಇರಬೇಕಾದಲ್ಲಿ ಮಾತ್ರ ಪೂರ್ಣವಿರಾಮದ ಚುಕ್ಕೆ ಇತ್ತು. ಯಂತ್ರ ಕಾರ್ಖಾನೆಗೆ ಹೋದ ಮೇಲೆ ಕೊನೆಯ ಬದಲಾವಣೆಗಳಾಗಿ ಕ್ಯೂ, ಡಬ್ಲ್ಯು, ಇ, ಆರ್, ಟಿ, ವೈ ಎಂಬ ಕ್ರಮ ನಿಂತಿತು. ಈ ಆರು ಅಕ್ಷರ ಸೇರಿಸಿಯೇ ಈ ಜೋಡಣೆಗೆ ಕ್ವೆರ್ಟಿ ಎಂಬ ಹೆಸರು ಬಂದಿದೆ.

ಬೇಕಾದರೆ ಶಾಲೆಯ ಕಂಪ್ಯೂಟರ್ ಮುಂದೆ ಕುಳಿತು ನಡುವಿನ ಸಾಲನ್ನು ನೋಡಿ. ಡಿ, ಎಫ್, ಜಿ, ಎಚ್, ಜೆ, ಕೆ, ಎಲ್. ಇದು ಇಂಗ್ಲಿಷ್ ಅಕ್ಷರಮಾಲೆಯ ಕ್ರಮವೇ. ನಡುವೆ ಇ ಮತ್ತು ಐ ಮಾತ್ರ ಎದ್ದು ಮೇಲಿನ ಸಾಲಿಗೆ ಹೋಗಿವೆ. ಶೋಲ್ಸರ ಮೊದಲ ಕೀಬೋರ್ಡಿನ ಗುರುತು 150 ವರ್ಷಗಳ ನಂತರವೂ ಅಲ್ಲಿ ಉಳಿದಿದೆ.

ಟೈಪ್ ಮಾಡುವವರ ವೇಗ ಕಡಿಮೆ ಮಾಡಲೆಂದೇ ಅಕ್ಷರಗಳನ್ನು ಕಲಸಿದರು ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ಇದನ್ನು ಹಾಗೆಯೇ ನಂಬಬೇಕಿಲ್ಲ. ಕಡ್ಡಿಗಳು ಸಿಕ್ಕಿಕೊಳ್ಳದಂತೆ ಮಾಡುವುದು ಒಂದು ಕಾರಣವಾಗಿದ್ದಿರಬಹುದು. ಆದರೆ ಇಂಗ್ಲಿಷಿನಲ್ಲಿ ಪದೇ ಪದೇ ಜೊತೆಯಾಗಿ ಬರುವ ಇ ಮತ್ತು ಆರ್ ಕೀಲಿಗಳು ಅಕ್ಕಪಕ್ಕದಲ್ಲೇ ಇವೆ. ಹಾಗಾಗಿ ಆ ಒಂದೇ ಕಾರಣ ಪೂರ್ತಿ ಉತ್ತರವಾಗದು. ತಂತಿ ಸಂದೇಶವನ್ನು ಕಿವಿಯಿಂದ ಕೇಳುತ್ತಾ ಬರೆಯುವವರ ಅನುಕೂಲಕ್ಕಾಗಿ ಹಲವು ಬದಲಾವಣೆಗಳಾದವು ಎಂದು ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸಂಶೋಧಕರು ಹೇಳಿದ್ದಾರೆ. ಏನೇ ಇರಲಿ, ಈ ಕ್ರಮ ಯಾವ ಶಾಸ್ತ್ರದಲ್ಲೂ ಬರೆದಿಟ್ಟದ್ದಲ್ಲ. ಕಬ್ಬಿಣದ ಕಡ್ಡಿ, ಬಳಸುವವರ ದೂರು, ಕಾರ್ಖಾನೆಯವರ ಅನುಕೂಲ ಎಲ್ಲ ಸೇರಿ ಆದ ಹೊಂದಾಣಿಕೆ. ಅದನ್ನು ನೋಡಿ ಗೊಂದಲವಾದರೆ ಅದು ನಮ್ಮ ದಡ್ಡತನವಲ್ಲ. ಮೊದಲ ದಿನ ಇಂಗ್ಲೆಂಡಿನ ಮಗುವಿಗೂ ಅಷ್ಟೇ ಗೊಂದಲ.

ಬಂದೂಕಿನ ಕಾರ್ಖಾನೆಯಲ್ಲಿ

1873ರಲ್ಲಿ ನ್ಯೂಯಾರ್ಕ್ ರಾಜ್ಯದ ಇಲಿಯನ್ ಎಂಬ ಊರಿನ ರೆಮಿಂಗ್ಟನ್ ಕಂಪನಿಯ ಜೊತೆ ಒಪ್ಪಂದವಾಯಿತು. ಅದು ಬಂದೂಕು ತಯಾರಿಸುವ ಕಂಪನಿ. ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿದಿದ್ದರಿಂದ ಬಂದೂಕಿಗೆ ಬೇಡಿಕೆ ಇಳಿದಿತ್ತು, ಅವರು ಹೊಲಿಗೆ ಯಂತ್ರವನ್ನೂ ಮಾಡುತ್ತಿದ್ದರು. 1874ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಟೈಪ್‌ರೈಟರ್ ನೋಡಲು ಹೊಲಿಗೆ ಯಂತ್ರದಂತೆಯೇ ಇತ್ತು. ಅದೇ ಬಗೆಯ ಮೇಜು, ಮೈಮೇಲೆ ಹೂವಿನ ಚಿತ್ರ, ಕೆಳಗೆ ಕಾಲಿನಿಂದ ತುಳಿಯುವ ಪೆಡಲ್. ಒಂದು ಸಾಲು ಮುಗಿದ ಮೇಲೆ ಪೆಡಲ್ ತುಳಿದರೆ ಕಾಗದ ಹೊಸ ಸಾಲಿಗೆ ಹೋಗುತ್ತಿತ್ತು. ಬೆಲೆ 125 ಡಾಲರ್. ಅದರಲ್ಲಿ ದೊಡ್ಡಕ್ಷರಗಳು ಮಾತ್ರ ಇದ್ದವು. ಮೊದಲ ವರ್ಷಗಳಲ್ಲಿ ಕೊಳ್ಳುವವರು ಕಡಿಮೆ.

1878ರ ಎರಡನೇ ಮಾದರಿಯಲ್ಲಿ ಶಿಫ್ಟ್ ಕೀಲಿ ಬಂತು. ಒಂದೇ ಕಡ್ಡಿಯ ಮೇಲೆ ಸಣ್ಣಕ್ಷರ, ದೊಡ್ಡಕ್ಷರ ಎರಡೂ. ಶಿಫ್ಟ್ ಒತ್ತಿದರೆ ಕಾಗದ ಹಿಡಿದ ಭಾಗವೇ ಜರುಗಿ ಇನ್ನೊಂದು ಅಚ್ಚು ಬೀಳುತ್ತಿತ್ತು. ಶಿಫ್ಟ್ ಎಂದರೆ ಜರುಗುವುದು. ಇಂದಿನ ಕೀಬೋರ್ಡಿನಲ್ಲಿ ಏನೂ ಜರುಗುವುದಿಲ್ಲ, ಹೆಸರು ಮಾತ್ರ ಉಳಿದಿದೆ. ಎಂಟರ್ ಕೀಲಿಯೂ ಹಾಗೆಯೇ. ಕಾಗದದ ಉರುಳೆಯನ್ನು ಮತ್ತೆ ಸಾಲಿನ ಆರಂಭಕ್ಕೆ ತಳ್ಳುವ ಸನ್ನೆಯ ಮೊಮ್ಮಗ ಅದು.

ಹತ್ತೂ ಬೆರಳಿನಿಂದ, ಕೀಲಿ ನೋಡದೆ ಟೈಪ್ ಮಾಡುವ ಪದ್ಧತಿಗೆ ಹೆಸರು ಬಂದಿದ್ದು 1888ರಲ್ಲಿ. ಅಮೆರಿಕದ ಸಿನ್ಸಿನಾಟಿಯಲ್ಲಿ ನಡೆದ ಸ್ಪರ್ಧೆಯೊಂದರಲ್ಲಿ ಫ್ರಾಂಕ್ ಮೆಕ್‌ಗರಿನ್ ಎಂಬವರು ಕ್ವೆರ್ಟಿ ಕೀಬೋರ್ಡನ್ನು ನೋಡದೆಯೇ ಟೈಪ್ ಮಾಡಿ, ಬೇರೆ ಜೋಡಣೆಯ ಯಂತ್ರ ಬಳಸಿದ ಎದುರಾಳಿಯನ್ನು ಸೋಲಿಸಿದರು. ಕಲಿಸುವ ಶಾಲೆಗಳು, ಕಲಿತವರು, ಯಂತ್ರಗಳು ಎಲ್ಲ ಕ್ವೆರ್ಟಿಯವೇ ಆದವು. ಮುಂದೆ 1936ರಲ್ಲಿ ಆಗಸ್ಟ್ ಡ್ವೊರಾಕ್ ಬೆರಳಿಗೆ ಶ್ರಮ ಕಡಿಮೆಯಾಗುವಂಥ ಹೊಸ ಜೋಡಣೆಗೆ ಪೇಟೆಂಟ್ ಪಡೆದರೂ ಜಗತ್ತು ಹಳೆಯ ಅಭ್ಯಾಸ ಬಿಡಲಿಲ್ಲ.

ಹಣ ಬರಲಿಲ್ಲ, ಕೆಲಸ ಬಿಡಲಿಲ್ಲ

ಶೋಲ್ಸ್ ತಮ್ಮ ಹಕ್ಕನ್ನು 12,000 ಡಾಲರಿಗೆ ಮಾರಿಬಿಟ್ಟರು. ಡೆನ್ಸ್‌ಮೋರ್ ಮಾತ್ರ ಯಂತ್ರವೊಂದಕ್ಕೆ ಇಷ್ಟೆಂದು ರಾಯಧನ ಇಟ್ಟುಕೊಂಡು ಮುಂದೆ ಬಹಳ ಹಣ ಕಂಡರು. ಶೋಲ್ಸರಿಗೆ ಇದರ ಬಗ್ಗೆ ದೊಡ್ಡ ದೂರು ಇದ್ದಂತೆ ಕಾಣುವುದಿಲ್ಲ. ಕೊನೆಯ ವರ್ಷಗಳಲ್ಲಿ ಕ್ಷಯರೋಗ ಅವರನ್ನು ಹಿಡಿಯಿತು. ಹಾಸಿಗೆ ಹಿಡಿದರೂ ಯಂತ್ರವನ್ನು ಸುಧಾರಿಸುವ ಕೆಲಸ ನಿಲ್ಲಲಿಲ್ಲ. 1889ರಲ್ಲಿ, ಅಂದರೆ ಸಾಯುವ ಹಿಂದಿನ ವರ್ಷ, ಅವರು ಇನ್ನೊಂದು ಟೈಪ್‌ರೈಟರಿನ ಪೇಟೆಂಟಿಗೆ ಅರ್ಜಿ ಹಾಕಿದರು. ಅದರ ಕೀಬೋರ್ಡು ಕ್ವೆರ್ಟಿ ಅಲ್ಲ, ಪೂರ್ತಿ ಬೇರೆ ಜೋಡಣೆ! ತಮ್ಮ ಹೆಸರಿನ ಜೋಡಣೆ ಊರೂರಿಗೆ ಹರಡುತ್ತಿದ್ದಾಗಲೂ ಅದು ಮುಗಿದ ಕೆಲಸವೆಂದು ಅವರು ತಿಳಿದಿರಲಿಲ್ಲ. ಆ ಪೇಟೆಂಟ್ ಮಂಜೂರಾದದ್ದು 1896ರಲ್ಲಿ. ಅಷ್ಟರಲ್ಲಿ ಅವರಿಲ್ಲ. 1890ರ ಫೆಬ್ರುವರಿ 17ರಂದು, 71 ತುಂಬಿದ ಮೂರು ದಿನಕ್ಕೆ, ಮಿಲ್ವಾಕಿಯಲ್ಲಿ ತೀರಿಕೊಂಡರು.

ಅವರಿಗೆ ಸಮಾಧಾನ ಕೊಟ್ಟ ಸಂಗತಿ ಒಂದಿತ್ತು. 1872ರ ಒಂದು ಛಾಯಾಚಿತ್ರದಲ್ಲಿ ಅವರ ಮಗಳು ಲಿಲಿಯನ್ ಟೈಪ್‌ರೈಟರ್ ಮುಂದೆ ಕುಳಿತಿದ್ದಾಳೆ. ಆಗ ಅಮೆರಿಕದ ಕಚೇರಿಗಳಲ್ಲಿ ಗುಮಾಸ್ತಿಕೆ ಗಂಡಸರ ಕೆಲಸ. ಟೈಪ್‌ರೈಟರ್ ಬಂದ ಮೇಲೆ ಹೆಣ್ಣುಮಕ್ಕಳಿಗೆ ಕಚೇರಿಯ ಬಾಗಿಲು ತೆರೆಯಿತು. 1881ರಲ್ಲಿ ನ್ಯೂಯಾರ್ಕಿನಲ್ಲಿ ಹೆಣ್ಣುಮಕ್ಕಳಿಗಾಗಿಯೇ ಟೈಪಿಂಗ್ ತರಗತಿ ಆರಂಭವಾಯಿತು. ಸ್ವಂತ ಸಂಪಾದನೆಯ ಒಂದು ದಾರಿ ಹೆಂಗಸರಿಗೆ ತಮ್ಮಿಂದ ಸಿಕ್ಕಿತೆಂದು ಶೋಲ್ಸ್ ಕೊನೆಗಾಲದಲ್ಲಿ ಸಂತೋಷಪಟ್ಟಿದ್ದರು. ನಮ್ಮ ಊರುಗಳಿಂದ ಬಸ್ಸು ಹಿಡಿದು ತಾಲೂಕು ಸ್ಥಳಕ್ಕೆ ಕಂಪ್ಯೂಟರ್ ಕ್ಲಾಸಿಗೆ ಹೋಗುವ ಹೆಣ್ಣುಮಕ್ಕಳನ್ನು ನೋಡಿದಾಗ ನನಗೆ ಈ ಮಾತು ನೆನಪಾಗುತ್ತದೆ.

ಕೀಲಿಯ ಕೆಳಗೆ ಏನಿದೆ?

ಟೈಪ್‌ರೈಟರಿನಿಂದ ಕಂಪ್ಯೂಟರಿಗೆ ಬರುವಾಗ ಕಡ್ಡಿಗಳು ಹೋದವು, ಕೀಲಿಗಳು ಉಳಿದವು. ಇಂದಿನ ಕೀಬೋರ್ಡಿನಲ್ಲಿ ಸುಮಾರು ನೂರು ಕೀಲಿಗಳು. ಪ್ರತಿ ಕೀಲಿಯೂ ಮನೆಯ ಲೈಟಿನ ಸ್ವಿಚ್ಚಿನಂಥ ಒಂದು ಸಣ್ಣ ಸ್ವಿಚ್ಚು. ಅವುಗಳ ಕೆಳಗೆ ತಂತಿಗಳು ಅಡ್ಡಸಾಲು, ಉದ್ದಸಾಲುಗಳಾಗಿ ಹಾಯ್ದಿವೆ. ತೊಗರಿ ಹೊಲದಲ್ಲಿ ಎಷ್ಟನೇ ಸಾಲು, ಆ ಸಾಲಿನಲ್ಲಿ ಎಷ್ಟನೇ ಗಿಡ ಎಂದು ಹೇಳಿದರೆ ಗಿಡ ಸಿಗುವಂತೆ, ಯಾವ ಅಡ್ಡಸಾಲು ಯಾವ ಉದ್ದಸಾಲನ್ನು ಮುಟ್ಟಿತು ಎಂದು ಒಳಗಿನ ಚಿಪ್ ಸೆಕೆಂಡಿಗೆ ನೂರಾರು ಸಲ ನೋಡುತ್ತಾ ಇರುತ್ತದೆ. ಮುಟ್ಟಿದ ಕೂಡಲೇ ಆ ಜಾಗದ ಸಂಖ್ಯೆಯೊಂದನ್ನು ಕಂಪ್ಯೂಟರಿಗೆ ಕಳಿಸುತ್ತದೆ.

ಕೀಬೋರ್ಡ್ ಕಳಿಸುವುದು ಅಕ್ಷರವನ್ನಲ್ಲ, ಜಾಗದ ಸಂಖ್ಯೆಯನ್ನು. ಆ ಜಾಗಕ್ಕೆ ಯಾವ ಅಕ್ಷರ ಎಂದು ತೀರ್ಮಾನಿಸುವುದು ಸಾಫ್ಟ್‌ವೇರ್. ಕೀಲಿಯ ಮೇಲೆ ಇಂಗ್ಲಿಷ್ ಅಕ್ಷರ ಅಚ್ಚಾಗಿರಬಹುದು, ಕೀಲಿಯ ಒಳಗೆ ಇಂಗ್ಲಿಷ್ ಇಲ್ಲ. ನಮ್ಮ ಅಳುಕಿಗೆ ಆಧಾರವಿಲ್ಲ ಎಂದು ಮೊದಲೇ ಹೇಳಿದ್ದು ಇದಕ್ಕೇ.

ಶೋಲ್ಸರ ಮಣೆಯ ಮೇಲೆ ಕನ್ನಡ

ಇಂಗ್ಲಿಷಿಗೆ 26 ಅಕ್ಷರ. ಕನ್ನಡಕ್ಕೆ ಸ್ವರ, ವ್ಯಂಜನ, ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ರೂಪಗಳು ಸಾವಿರಾರು. ನಾಲ್ಕು ಸಾಲು ಕೀಲಿಗಳ ಟೈಪ್‌ರೈಟರಿಗೆ ಇದನ್ನು ಹೊಂದಿಸುವುದು ಸಣ್ಣ ಕೆಲಸವಾಗಿರಲಿಲ್ಲ. ಗುಣಿತದ ಚಿಹ್ನೆ, ಒತ್ತುಗಳನ್ನು ತುಂಡು ತುಂಡಾಗಿ ಬೇರೆ ಮಾಡಿ ಕಾಗದದ ಮೇಲೆ ಜೋಡಿಸುವ ಉಪಾಯ ಮಾಡಬೇಕಾಯಿತು. ಕನ್ನಡ ಬೆರಳಚ್ಚು ಯಂತ್ರದ ಕೀಲಿಮಣೆ ರೂಪಿಸಿದವರೆಂದು ಅನಂತಸುಬ್ಬರಾಯರನ್ನು ನಾಡು ನೆನೆಯುತ್ತದೆ. ಸರ್ಕಾರಿ ಕಚೇರಿಗಳಲ್ಲಿ ಕನ್ನಡ ನೆಲೆಯೂರಲು ಆ ಯಂತ್ರ ದೊಡ್ಡ ಆಸರೆಯಾಯಿತು.

ಕಂಪ್ಯೂಟರ್ ಬಂದ ಮೇಲೆ ದಾರಿ ಸುಲಭವಾಯಿತು. ಕೆ. ಪಿ. ರಾವ್ ಅವರು ಕನ್ನಡದ ಉಚ್ಚಾರಣೆಯ ತರ್ಕವನ್ನೇ ಹಿಡಿದು ಒಂದು ಜೋಡಣೆ ರೂಪಿಸಿದರು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಕೆ ಒತ್ತಿದರೆ ಖ. ಎಫ್ ಎಂಬುದು ಒತ್ತಕ್ಷರ ಬೆಸೆಯುವ ಕೀಲಿ. ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿ ಒತ್ತಿದರೆ ಕನ್ನಡ ಎಂಬ ಪದ ಪರದೆಯ ಮೇಲೆ ಮೂಡುತ್ತದೆ. ಕ್ ಗೆ ಅ ಸೇರಿದರೆ ಕ, ಇ ಸೇರಿದರೆ ಕಿ ಎಂದು ನಮ್ಮ ಗುರುಗಳು ಹಲಗೆಯ ಮೇಲೆ ಕಲಿಸಿದ ಕಾಗುಣಿತವೇ ಇಲ್ಲಿ ಕೆಲಸ ಮಾಡುತ್ತದೆ. ಕನ್ನಡ ವ್ಯಾಕರಣ ಚೆನ್ನಾಗಿ ಕಲಿತ ಹಳ್ಳಿಯ ಮಗುವಿಗೆ ಇದು ಬೇಗ ಹಿಡಿಯುತ್ತದೆ. ಈ ಜೋಡಣೆಯನ್ನು ಕರ್ನಾಟಕ ಸರ್ಕಾರ ಒಪ್ಪಿಕೊಂಡಿತು, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಅದು ಕಚೇರಿ ಕಚೇರಿಗೆ ತಲುಪಿತು. ಭಾರತದ ಎಲ್ಲ ಭಾಷೆಗಳಿಗೂ ಒಂದೇ ಕ್ರಮವಿರಲೆಂದು ಮಾಡಿದ ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಜೋಡಣೆಯೂ ಇದೆ. ಜಗತ್ತಿನ ಎಲ್ಲ ಲಿಪಿಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಕ ಅಕ್ಷರದ ಸಂಖ್ಯೆ 3221. ಇಲ್ಲಿಂದ ಅಮೆರಿಕಕ್ಕೆ ಸಂದೇಶ ಕಳಿಸಿದರೂ ಕ ಅಲ್ಲಿ ಕ ಆಗಿಯೇ ಕಾಣುವುದು ಇದರಿಂದ.

ಇದು ನಮ್ಮ ಹೊಲಮನೆಗೂ ಸಂಬಂಧಿಸಿದ ವಿಷಯ. ಹಿಂದೆ ಪಹಣಿಯನ್ನು ಗ್ರಾಮ ಲೆಕ್ಕಿಗರು ಕೈಯಿಂದ ಬರೆದುಕೊಡುತ್ತಿದ್ದರು. ಭೂಮಿ ಯೋಜನೆ ಬಂದ ಮೇಲೆ ಕಂಪ್ಯೂಟರಿನಿಂದ ಕನ್ನಡದಲ್ಲೇ ಅಚ್ಚಾಗಿ ಬರುತ್ತದೆ. ಹೆಸರಿನಲ್ಲಿ ಒಂದು ಒತ್ತು ತಪ್ಪಿದರೆ, ಒಂದು ದೀರ್ಘ ಬಿಟ್ಟುಹೋದರೆ ತಿದ್ದುಪಡಿಗೆ ಎಷ್ಟು ಸಲ ಓಡಾಡಬೇಕೆಂಬುದು ಈ ಸಂಚಿಕೆ ಓದುವ ರೈತರಿಗೆ ಚೆನ್ನಾಗಿ ಗೊತ್ತು. ಕನ್ನಡವನ್ನು ಸರಿಯಾಗಿ ಟೈಪ್ ಮಾಡಬಲ್ಲ ಕೈಗಳು ನಮ್ಮ ಊರಲ್ಲೇ ಇದ್ದರೆ ಅದರ ಲಾಭ ನಮ್ಮ ಜನಕ್ಕೇ. ಬೆರಳಚ್ಚುಗಾರರ ಹುದ್ದೆಗಳಿಗೆ ಕನ್ನಡ ಟೈಪಿಂಗ್ ಪರೀಕ್ಷೆ ಪಾಸಾಗಿರಬೇಕೆಂಬ ನಿಯಮವನ್ನೂ ಮಕ್ಕಳು ನೆನಪಿಡಬೇಕು.

ನಮ್ಮ ಶಾಲೆಯ ಮಕ್ಕಳಿಗೆ

ಈಗ ಕಲಿಯುತ್ತಿರುವ ತಮ್ಮ ತಂಗಿಯರಿಗೆ ನಾನು ಹೇಳುವುದು ಇಷ್ಟೇ. ಎಫ್ ಮತ್ತು ಜೆ ಕೀಲಿಗಳ ಮೇಲೆ ಬೆರಳಿಗೆ ತಾಗುವ ಸಣ್ಣ ಗೆರೆ ಇರುತ್ತದೆ. ಎಡಗೈಯ ತೋರುಬೆರಳು ಎಫ್ ಮೇಲೆ, ಬಲಗೈಯದು ಜೆ ಮೇಲೆ ಇಡಿ. ಉಳಿದ ಬೆರಳುಗಳನ್ನು ಅದೇ ಸಾಲಿನಲ್ಲಿ ಪಕ್ಕಪಕ್ಕಕ್ಕೆ ಇಡಿ, ಹೆಬ್ಬೆರಳು ಕೆಳಗಿನ ಉದ್ದನೆಯ ಕೀಲಿಯ ಮೇಲೆ. ದಿನಕ್ಕೆ ಹದಿನೈದು ನಿಮಿಷ ಕೀಲಿ ನೋಡದೆ ಅಭ್ಯಾಸ ಮಾಡಿ. ಮೊದಲ ವಾರ ನಿಧಾನವಾಗುತ್ತದೆ, ಆಗಲಿ. ಎರಡು ಮೂರು ತಿಂಗಳಲ್ಲಿ ಬೆರಳಿಗೇ ದಾರಿ ತಿಳಿಯುತ್ತದೆ. ಇಂಗ್ಲಿಷ್ ಜೊತೆಗೇ ಕನ್ನಡವನ್ನೂ ಕಲಿಯಿರಿ, ಆಮೇಲೆ ನೋಡಿಕೊಳ್ಳೋಣ ಎನ್ನಬೇಡಿ. ಹಳೆಯ ವಿದ್ಯಾರ್ಥಿಗಳಾದ ನಾವು ಸೇರಿ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ವಾರಕ್ಕೆರಡು ದಿನ ಟೈಪಿಂಗ್ ಅಭ್ಯಾಸಕ್ಕೆ ವ್ಯವಸ್ಥೆ ಮಾಡಬಹುದೆಂದು ಗುರುಗಳಲ್ಲಿ ವಿನಂತಿಸುತ್ತೇನೆ. ನನ್ನ ಕೈಲಾದ ಸಹಾಯ ಖಂಡಿತ ಇರುತ್ತದೆ.

1923ರಲ್ಲಿ, ರೆಮಿಂಗ್ಟನ್ ಒಪ್ಪಂದಕ್ಕೆ 50 ವರ್ಷ ತುಂಬಿದಾಗ, ಇಲಿಯನ್ ಊರಿನವರೂ ಟೈಪ್‌ರೈಟರಿನ ಸುವರ್ಣ ಮಹೋತ್ಸವ ಆಚರಿಸಿದರು, ಆ ಜಿಲ್ಲೆಯ ಇತಿಹಾಸ ಸಂಘ ಅದಕ್ಕೊಂದು ಪುಸ್ತಕವನ್ನೂ ತಂದಿತು. ಐವತ್ತು ವರ್ಷವೆಂದರೆ ಹಿಂದಿನವರ ಶ್ರಮ ನೆನೆಯುವ ಕಾಲ. ಒಂದು ಮಗುವಿನ ಕೈಗೆ ಬಳಪ ಕೊಟ್ಟು, ಅದು ಅಳಿಸಿದ್ದನ್ನು ಮತ್ತೆ ಬರೆಸಿ, ತಪ್ಪಿದ್ದನ್ನು ಮತ್ತೆ ತಿದ್ದಿಸಿದ ನಮ್ಮ ಗುರುಗಳ ಶ್ರಮವೂ ಶೋಲ್ಸರ ಶ್ರಮದಂಥದ್ದೇ. ಅದರ ಲಾಭ ಪಡೆದವರು ನಾವು.